ಬಿಡಿಯಾಗಿ ಸುಮ್ಮನೆ, ಜೊತೆಯಾದರೆ ವಿಷ: ಆಹಾರದಿಂದ ನಾಯಿ, ಬೆಕ್ಕಿನ ಕಿಡ್ನಿ ಕೆಟ್ಟಾಗ ಕಾರಣ ಹುಡುಕುವ ಕೈಪಿಡಿ

ನಿನ್ನೆವರೆಗೆ ಬಟ್ಟಲು ನೆಕ್ಕಿ ಖಾಲಿ ಮಾಡುತ್ತಿದ್ದ ಬೆಕ್ಕು ಇವತ್ತು ಬಟ್ಟಲ ಹತ್ತಿರ ಬರುತ್ತದೆ, ಮೂಸುತ್ತದೆ, ಹಿಂದೆ ಸರಿಯುತ್ತದೆ. ಒಂದೆರಡು ಸಲ ವಾಂತಿ. ಮೂಲೆಯಲ್ಲಿ ಮುದುಡಿ ಮಲಗುತ್ತದೆ. ನೀರಿನ ಬಟ್ಟಲು ಮಾತ್ರ ಬೇಗ ಖಾಲಿಯಾಗುತ್ತದೆ. ಕೆಲವಕ್ಕೆ ಮೂತ್ರ ಜಾಸ್ತಿ, ಇನ್ನು ಕೆಲವಕ್ಕೆ ಪೂರ್ತಿ ಕಟ್ಟಿಹೋಗುತ್ತದೆ. ಇದರಲ್ಲಿ ಯಾವುದೂ 'ಇದು ಕಿಡ್ನಿ' ಅಂತ ಹೆಸರು ಹಿಡಿದು ಹೇಳುವ ಲಕ್ಷಣವಲ್ಲ. ಹೊಟ್ಟೆ ಕೆಟ್ಟಿರಬಹುದು ಅಂದುಕೊಂಡು ಎರಡು ದಿನ ಕಾಯುವವರೇ ಹೆಚ್ಚು. ಆ ಎರಡು ದಿನ ಕಳೆದುಕೊಳ್ಳಬಾರದು ಅನ್ನುವುದಕ್ಕಾಗಿಯೇ ಇಷ್ಟು ಬರೆಯುತ್ತಿದ್ದೇನೆ.

ಇಲ್ಲಿ ಮುಖ್ಯವಾಗಿ ಹೇಳುವುದು ಒಂದು ವಿಚಿತ್ರ ದೋಷದ ಬಗ್ಗೆ. ಆಹಾರದಲ್ಲಿ ಎರಡು ರಾಸಾಯನಿಕ ಸೇರಿಕೊಂಡಿರುತ್ತವೆ. ಒಂದೊಂದನ್ನೇ ಪರೀಕ್ಷೆ ಮಾಡಿದರೆ ಎರಡೂ 'ಪರವಾಗಿಲ್ಲ' ಅನ್ನಿಸುತ್ತವೆ. ಒಟ್ಟಿಗೆ ಹೊಟ್ಟೆಗೆ ಹೋದರೆ ಕಿಡ್ನಿ ನಿಲ್ಲುತ್ತದೆ. ಮೆಲಮೈನ್ ಮತ್ತು ಸಯನ್ಯೂರಿಕ್ ಆಮ್ಲ ಇದಕ್ಕೆ ದೊಡ್ಡ ಉದಾಹರಣೆ. ಒಬ್ಬನೇ ಕಳ್ಳನನ್ನು ಹುಡುಕುತ್ತಾ ಹೋದರೆ ಇದು ಸಿಗುವುದೇ ಇಲ್ಲ.

ಮೊದಲ ಕೆಲಸ: ಚೀಲ ಬಿಸಾಡಬೇಡಿ

ಪ್ರಾಣಿ ಹುಷಾರಿಲ್ಲ ಅಂದ ಕೂಡಲೇ ಆ ಆಹಾರ ಕೊಡುವುದನ್ನು ನಿಲ್ಲಿಸಿ. ಆದರೆ ಕಸಕ್ಕೆ ಹಾಕಬೇಡಿ. ಸಿಟ್ಟಿನಲ್ಲಿ, ಹೆದರಿಕೆಯಲ್ಲಿ ಎಲ್ಲರೂ ಮೊದಲು ಮಾಡುವುದೇ ಈ ತಪ್ಪು. ಆಮೇಲೆ ಲ್ಯಾಬಿನವರು ಕೇಳಿದಾಗ ಕೈಯಲ್ಲಿ ಏನೂ ಇರುವುದಿಲ್ಲ.

ಒಣ ಆಹಾರವನ್ನು ಅದೇ ಚೀಲದಲ್ಲಿಟ್ಟು, ಗಾಳಿಯಾಡದಂತೆ ಕಟ್ಟಿಡಿ. ತೆರೆದ ಡಬ್ಬಿ ಅಥವಾ ಪೌಚ್ ಇದ್ದರೆ ಹಾಗೇ ಇನ್ನೊಂದು ಕವರಿನಲ್ಲಿ ಸುತ್ತಿ ಫ್ರೀಜರ್‌ಗೆ ಹಾಕಿ. ಅದೇ ಬ್ಯಾಚಿನ ತೆರೆಯದ ಡಬ್ಬಿ ಒಂದಿದ್ದರೆ ಅದು ಬಂಗಾರ, ಜೋಪಾನ ಮಾಡಿ. ಬ್ಯಾಚ್ ನಂಬರ್, ತಯಾರಾದ ದಿನ, ಬಳಸಬಹುದಾದ ಕೊನೆಯ ದಿನ ಮೂರೂ ಕಾಣುವಂತೆ ಫೋಟೋ ತೆಗೆಯಿರಿ. ಚೀಲದ ಆಹಾರವನ್ನು ಡಬ್ಬಕ್ಕೆ ಸುರಿದು ಖಾಲಿ ಚೀಲ ಬಿಸಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ. ನಂಬರ್ ಇಲ್ಲದ ಆಹಾರದಿಂದ ಒಂದು ಪ್ರಾಣಿಯ ಕಥೆ ಗೊತ್ತಾಗಬಹುದು. ಆ ಬ್ಯಾಚ್ ತಿನ್ನುತ್ತಿರುವ ಉಳಿದ ಪ್ರಾಣಿಗಳನ್ನು ಉಳಿಸಲು ಆಗುವುದಿಲ್ಲ.

ಒಂದು ಹಾಳೆಯಲ್ಲಿ ಬರೆದಿಡಿ: ಈ ಚೀಲ ಯಾವತ್ತು ತೆರೆದದ್ದು, ಯಾವ ಪ್ರಾಣಿ ಎಷ್ಟು ತಿಂದದ್ದು, ಮೊದಲ ವಾಂತಿ ಯಾವಾಗ, ಮೂತ್ರ ಎಷ್ಟು ಸಲ. ತಿನಿಸು, ಮಾತ್ರೆ, ಹುಳುವಿನ ಔಷಧ ಎಲ್ಲವೂ ಅದರಲ್ಲಿ ಇರಲಿ. ನೆನಪು ಎರಡು ದಿನದಲ್ಲಿ ಮಸುಕಾಗುತ್ತದೆ.

ಕಿಡ್ನಿಯೇನಾ ಅಂತ ಖಾತ್ರಿ ಮಾಡಿಕೊಳ್ಳುವುದು

ಇದು ಪಶುವೈದ್ಯರ ಕೆಲಸ. ಆದರೂ ಒಂದು ವಿಷಯ ನೀವು ಕೇಳಿ ಮಾಡಿಸಬಹುದು: ಡ್ರಿಪ್ ಹಾಕುವ ಮೊದಲೇ ರಕ್ತ ಮತ್ತು ಮೂತ್ರದ ಮಾದರಿ ತೆಗೆಯಿಸುವುದು. ಡ್ರಿಪ್ ಹೋದ ಮೇಲೆ ಮೂತ್ರ ಹೇಗೂ ತೆಳ್ಳಗಾಗುತ್ತದೆ. ಆಗ ಕಿಡ್ನಿ ಕೆಟ್ಟು ತೆಳ್ಳಗಾಯಿತೋ, ಡ್ರಿಪ್‌ನಿಂದ ಆಯಿತೋ ಹೇಳಲು ಬರುವುದಿಲ್ಲ. ಹಾಗಂತ ಮೂತ್ರ ಸಿಗಲಿಲ್ಲ ಅಂತ ಚಿಕಿತ್ಸೆ ತಡ ಮಾಡಿಸಬೇಡಿ.

ಕಿಡ್ನಿ ಹೊರಹಾಕಬೇಕಾದ ಯೂರಿಯಾ, ಕ್ರಿಯಾಟಿನಿನ್, ರಂಜಕ ರಕ್ತದಲ್ಲಿ ಏರಿದ್ದರೆ ಅಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ. ಬರೀ ನೀರಿಲ್ಲದೆ ಒಣಗಿದ ಪ್ರಾಣಿಯಲ್ಲೂ ಇವು ಏರುತ್ತವೆ. ಮೂತ್ರನಾಳ ಕಟ್ಟಿಕೊಂಡ ಗಂಡು ಬೆಕ್ಕಿನಲ್ಲೂ ಏರುತ್ತವೆ. ವ್ಯತ್ಯಾಸ ಹೇಳುವುದು ಮೂತ್ರದ ಸಾಂದ್ರತೆ, ಅಂದರೆ ನೀರನ್ನು 1.000 ಅಂತ ಇಟ್ಟುಕೊಂಡರೆ ಮೂತ್ರ ಎಷ್ಟು ಗಟ್ಟಿ ಅನ್ನುವ ಅಂಕಿ. ಮೈಯಲ್ಲಿ ನೀರು ಕಡಿಮೆಯಾದಾಗ ಒಳ್ಳೆಯ ಕಿಡ್ನಿ ಮೂತ್ರವನ್ನು ಗಟ್ಟಿ ಮಾಡುತ್ತದೆ. ಯೂರಿಯಾ ಏರಿದ್ದೂ ಸಾಂದ್ರತೆ ನಾಯಿಯಲ್ಲಿ 1.030ಕ್ಕಿಂತ, ಬೆಕ್ಕಿನಲ್ಲಿ 1.035ಕ್ಕಿಂತ ಕಡಿಮೆ ಇದ್ದರೆ ಕಿಡ್ನಿಯ ಮೇಲೆ ಅನುಮಾನ ಗಟ್ಟಿಯಾಗುತ್ತದೆ. 1.008ರಿಂದ 1.012ರ ನಡುವೆ ಸಿಕ್ಕಿಕೊಂಡಿದ್ದರೆ ಕಿಡ್ನಿ ಬಂದದ್ದನ್ನು ಬಂದ ಹಾಗೇ ಹೊರಗೆ ಬಿಡುತ್ತಿದೆ ಅಂತ ಅರ್ಥ.

ಇನ್ನೊಂದು ಮಾತು. ಕ್ರಿಯಾಟಿನಿನ್ ನಾರ್ಮಲ್ ಬಂತು ಅಂತ ನಿಟ್ಟುಸಿರು ಬಿಡಬೇಡಿ. ಕಿಡ್ನಿಯ ಮುಕ್ಕಾಲು ಪಾಲು ಕೆಲಸ ಹೋಗುವವರೆಗೂ ಅದು ಏರದೇ ಇರಬಹುದು. ಎಸ್‌ಡಿಎಂಎ ಅನ್ನುವ ರಕ್ತ ಪರೀಕ್ಷೆ ಸ್ವಲ್ಪ ಮೊದಲೇ ಸುಳಿವು ಕೊಡುತ್ತದೆ. ಅದೇ ಆಹಾರ ತಿಂದು ಇನ್ನೂ ಚೆನ್ನಾಗಿ ಓಡಾಡಿಕೊಂಡಿರುವ ಪ್ರಾಣಿಗಳಿಗೆ ಇದನ್ನು ಮಾಡಿಸುವುದು ಒಳ್ಳೆಯದು.

ಹಳೆಯ ಕಾಯಿಲೆಯೋ ಹೊಸದೋ ಅನ್ನುವುದನ್ನೂ ನೋಡಬೇಕು. ತಿಂಗಳುಗಳಿಂದ ತೂಕ ಇಳಿದು, ರಕ್ತ ಕಡಿಮೆಯಾಗಿ, ಸ್ಕ್ಯಾನಿಂಗಿನಲ್ಲಿ ಕಿಡ್ನಿ ಕುಗ್ಗಿ ಕಂಡರೆ ಅದು ಹಳೆಯದು. ಹೋದ ವಾರ ತೆರೆದ ಚೀಲದ ಮೇಲೆ ಅದನ್ನು ಹೊರಿಸಲು ಬರುವುದಿಲ್ಲ.

ಆಹಾರದ ಮೇಲೆ ಅನುಮಾನ ಯಾವಾಗ

ಒಂದೇ ಮನೆಯ, ಒಂದೇ ಸಾಕಣೆ ಜಾಗದ ಒಂದಕ್ಕಿಂತ ಹೆಚ್ಚು ಪ್ರಾಣಿ ಮಲಗಿದಾಗ. ವಯಸ್ಸು, ಜಾತಿ ಬೇರೆ ಬೇರೆ ಇದ್ದೂ ಲಕ್ಷಣ ಒಂದೇ ಆದಾಗ. ಬೇರೆ ಆಹಾರ ತಿನ್ನುವ ಪ್ರಾಣಿ ಅದೇ ಮನೆಯಲ್ಲಿ ಗಟ್ಟಿಮುಟ್ಟಾಗಿ ಇದ್ದಾಗ. ಈ ಕೊನೆಯದು ತುಂಬಾ ಬೆಲೆಯುಳ್ಳ ಸುಳಿವು. ಹೊಸ ಚೀಲ ತೆರೆದ ದಿನಕ್ಕೂ ಮೊದಲ ವಾಂತಿಗೂ ನಡುವಿನ ಅಂತರವೂ ಹೇಳುತ್ತದೆ. ಒಂದೇ ಆಹಾರ ತಿಂದರೂ ಚಿಕ್ಕ ಮೈಯ ಪ್ರಾಣಿ ಬೇಗ ಬೀಳುತ್ತದೆ, ಮೈತೂಕಕ್ಕೆ ಹೋಲಿಸಿದರೆ ಅದು ತಿನ್ನುವ ಪ್ರಮಾಣವೇ ಜಾಸ್ತಿ ಅಲ್ವಾ.

ಆದರೆ ಅನುಮಾನ ಅನ್ನುವುದು ಸಾಕ್ಷಿ ಅಲ್ಲ. ನಾನು ಕಂಡ ಒಂದು ಮನೆಯಲ್ಲಿ ಹೊಸ ಡಬ್ಬಿ ತೆರೆದ ಮಾರನೇ ದಿನವೇ ಬೆಕ್ಕು ಮಲಗಿತು. ಎಲ್ಲರ ಬೆರಳೂ ಡಬ್ಬಿಯ ಕಡೆ. ಡಾಕ್ಟರ್ ಬೆಕ್ಕಿನ ಕುತ್ತಿಗೆಯ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದರು. ಬಿಳಿ ಕೂದಲ ಬುಡದಲ್ಲಿ ಕಿತ್ತಳೆ ಬಣ್ಣದ ಪುಡಿ, ಒರೆಸಿದರೆ ಬೆರಳಿಗೆ ಅಂಟುತ್ತಿತ್ತು. ಮೇಜಿನ ಮೇಲಿನ ಹೂದಾನಿಯಲ್ಲಿ ಲಿಲ್ಲಿ ಹೂ ಇಟ್ಟಿದ್ದರು. ಬೆಕ್ಕು ಪರಾಗ ಹತ್ತಿದ ಮೈಯನ್ನು ನೆಕ್ಕಿಕೊಂಡಿತ್ತು. ಬೆಕ್ಕಿನ ಕಿಡ್ನಿ ಹಾಳು ಮಾಡಲು ಅಷ್ಟು ಸಾಕು. ಡಬ್ಬಿಯದ್ದು ಏನೂ ತಪ್ಪಿರಲಿಲ್ಲ.

ಹಾಗಾಗಿ ಆಹಾರಕ್ಕೆ ಹೋಗುವ ಮುಂಚೆ ಉಳಿದವನ್ನು ಒಂದೊಂದಾಗಿ ಪಕ್ಕಕ್ಕಿಡಿ. ನಾಯಿಯಾದರೆ ದ್ರಾಕ್ಷಿ, ಒಣದ್ರಾಕ್ಷಿ ತಿಂದಿತ್ತಾ ಕೇಳಿ. ಮನುಷ್ಯರ ನೋವಿನ ಮಾತ್ರೆ ಕೊಟ್ಟಿದ್ದರಾ? ಜ್ವರ, ಕಾಮಾಲೆ ಇದ್ದರೆ ಇಲಿಜ್ವರದ ಪರೀಕ್ಷೆ ಆಗಲೇಬೇಕು, ಅದು ಮನುಷ್ಯರಿಗೂ ಹರಡುತ್ತದೆ. ವಾಹನದ ರೇಡಿಯೇಟರ್‌ಗೆ ಹಾಕುವ ಕೂಲೆಂಟ್‌ನಲ್ಲಿ ಇರುವ ಎಥಿಲೀನ್ ಗ್ಲೈಕಾಲ್ ನೆಕ್ಕಿದ್ದರೆ ಮೊದಲು ಅಮಲೇರಿದ ಹಾಗೆ ತೂರಾಡುತ್ತದೆ, ಆಮೇಲೆ ಕಿಡ್ನಿ ನಿಲ್ಲುತ್ತದೆ. ಅದರ ಹರಳು ಕ್ಯಾಲ್ಸಿಯಂ ಆಕ್ಸಲೇಟ್‌ನದು, ರಕ್ತದ ಕ್ಯಾಲ್ಸಿಯಂ ಇಳಿದಿರುತ್ತದೆ. ಅದೇ ಕ್ಯಾಲ್ಸಿಯಂ ಮೇಲೇರಿದ್ದರೆ ಆಹಾರದಲ್ಲಿ ವಿಟಮಿನ್ ಡಿ ಮಿತಿ ಮೀರಿರಬಹುದು. ರಕ್ತದಲ್ಲಿ ಸಕ್ಕರೆ ಸರಿಯಿದ್ದು ಮೂತ್ರದಲ್ಲಿ ಮಾತ್ರ ಸಕ್ಕರೆ ಸಿಕ್ಕರೆ ಅದು ಫ್ಯಾಂಕೋನಿ ಅನ್ನುವ ಬೇರೆಯೇ ತೊಂದರೆ, ಕಿಡ್ನಿಯ ನಾಳಗಳು ಸಕ್ಕರೆಯನ್ನು ವಾಪಸ್ ಹೀರಿಕೊಳ್ಳದೆ ಬಿಟ್ಟುಬಿಡುತ್ತವೆ; ಒಣ ಮಾಂಸದ ತಿನಿಸುಗಳ ವಿಷಯದಲ್ಲಿ 2007ರಿಂದ ಅಮೆರಿಕದಲ್ಲಿ ಇಂಥ ದೂರುಗಳು ಬಂದವು. ಧಾನ್ಯಕ್ಕೆ ಬೂಷ್ಟು ಹಿಡಿದಿದ್ದರೆ ಅದರಲ್ಲಿ ಹುಟ್ಟುವ ಓಕ್ರಟಾಕ್ಸಿನ್, ಸಿಟ್ರಿನಿನ್ ಅನ್ನುವ ವಿಷಗಳು ಎರಡೂ ಕಿಡ್ನಿಗೇ ಕೈ ಹಾಕುತ್ತವೆ. ಇವೂ ಒಂದೇ ಬೂಷ್ಟಿನಿಂದ ಜೊತೆಯಾಗಿ ಬರಬಲ್ಲವು.

ಮೂತ್ರದ ಒಂದು ಹನಿ

ಇಷ್ಟೆಲ್ಲ ದಾಟಿ ಬಂದರೆ ಮೈಕ್ರೋಸ್ಕೋಪ್ ಹತ್ತಿರ ಕೂರಬೇಕು. ತಾಜಾ ಮೂತ್ರವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ನೀರು ಚೆಲ್ಲಿ, ಅಡಿಯಲ್ಲಿ ಕೂತ ಗಸಿಯ ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡುತ್ತಾರೆ. ಮೆಲಮೈನ್ ಸಯನ್ಯುರೇಟ್ ಹರಳು ಇದ್ದರೆ ಹಸಿರು ಮಿಶ್ರಿತ ಕಂದು ಅಥವಾ ಹೊಂಗಂದು ಬಣ್ಣದ ಸಣ್ಣ ದುಂಡನೆ ತುಣುಕುಗಳು ಕಾಣುತ್ತವೆ. ನಡುವಿನಿಂದ ಅಂಚಿಗೆ ಗೆರೆಗಳು, ಗಾಡಿ ಚಕ್ರದ ಅರಗಳ ಹಾಗೆ. ಕೆಲವು ಅರ್ಧ ಬಿಚ್ಚಿದ ಬೀಸಣಿಗೆಯಂತೆ. ಧ್ರುವೀಕೃತ ಬೆಳಕು ಹಾಕಿದರೆ ಕಪ್ಪು ಹಿನ್ನೆಲೆಯಲ್ಲಿ ಅವು ಹೊಳೆಯುತ್ತವೆ.

ಇಲ್ಲೂ ಎಡವುವ ಜಾಗ ಇದೆ. ಯೂರೇಟ್ ಹರಳುಗಳೂ ಕಂದು, ಅವೂ ದುಂಡಗೆ ಇರಬಹುದು. ಡಾಲ್ಮೇಷಿಯನ್ ನಾಯಿಗಳಲ್ಲಿ, ಯಕೃತ್ತಿನ ತೊಂದರೆ ಇರುವ ಪ್ರಾಣಿಗಳಲ್ಲಿ ಅವು ಸಹಜವಾಗಿ ಸಿಗುತ್ತವೆ. ಹರಳು ಕಂಡರೆ ಅನುಮಾನ ಬಲವಾಯಿತು ಅನ್ನಿ, ಅಷ್ಟೇ. ಹೆಸರು ಹೇಳಲು ರಾಸಾಯನಿಕ ಪರೀಕ್ಷೆಯೇ ಬೇಕು. ಹರಳು ಕಾಣಲಿಲ್ಲ ಅಂದ ಮಾತ್ರಕ್ಕೆ ಆಹಾರ ಪಾರಾಯಿತು ಅಂತಲೂ ಅಲ್ಲ. ಕಿಡ್ನಿಯ ನಾಳಗಳಲ್ಲೇ ಸಿಕ್ಕಿಕೊಂಡ ಹರಳು ಮೂತ್ರಕ್ಕೆ ಇಳಿಯುವುದಾದರೂ ಹೇಗೆ?

ಎರಡು ಸೇರಿದಾಗ ಮಾತ್ರ ಯಾಕೆ

ಮೆಲಮೈನ್ ಅಂದರೆ ಪ್ಲಾಸ್ಟಿಕ್ ತಟ್ಟೆ, ಲ್ಯಾಮಿನೇಟ್ ಮಾಡಲು ಬಳಸುವ ವಸ್ತು. ಸಯನ್ಯೂರಿಕ್ ಆಮ್ಲವನ್ನು ಈಜುಕೊಳದ ಕ್ಲೋರಿನ್ ಬೇಗ ಹಾರಿಹೋಗದಂತೆ ಹಾಕುತ್ತಾರೆ. ಒಂದೇ ಸಲ ಕೊಟ್ಟಾಗಿನ ಲೆಕ್ಕದಲ್ಲಿ ಇಲಿಗಳಿಗೆ ಮೆಲಮೈನ್ ಹೆಚ್ಚುಕಡಿಮೆ ಅಡುಗೆ ಉಪ್ಪಿನಷ್ಟೇ ವಿಷ. ತುಂಬಾ ಪ್ರಮಾಣದಲ್ಲಿ ತುಂಬಾ ದಿನ ತಿಂದರೆ ಮೂತ್ರಕೋಶದಲ್ಲಿ ಕಲ್ಲಾಗಬಹುದು. ಎರಡು ದಿನದಲ್ಲಿ ಕಿಡ್ನಿ ನಿಲ್ಲಿಸುವ ಶಕ್ತಿ ಅದಕ್ಕೊಂದಕ್ಕೇ ಇಲ್ಲ.

ಹೊಟ್ಟೆಯ ಹುಳಿಯಲ್ಲಿ ಇವೆರಡೂ ಬಿಡಿಬಿಡಿಯಾಗಿ ಕರಗಿ ರಕ್ತಕ್ಕೆ ಸೇರುತ್ತವೆ. ಕಿಡ್ನಿ ಎರಡನ್ನೂ ಸೋಸಿ ಮೂತ್ರಕ್ಕೆ ಬಿಡುತ್ತದೆ. ಅಲ್ಲಿ ಹುಳಿ ಕಡಿಮೆ. ಮೂತ್ರ ಗಟ್ಟಿಯಾಗುತ್ತಾ ಹೋದಂತೆ ಒಂದಕ್ಕೊಂದು ಹೈಡ್ರೋಜನ್ ಬಂಧದಿಂದ ಕೈ ಹಿಡಿಯುತ್ತವೆ, ಒಂದಕ್ಕೆ ಒಂದು ಅನ್ನುವ ಲೆಕ್ಕದಲ್ಲಿ. ಬಿಡಿಯಾಗಿ ಲೀಟರ್ ನೀರಿಗೆ ಗ್ರಾಂಗಟ್ಟಲೆ ಕರಗುವ ವಸ್ತು ಜೋಡಿಯಾದ ಮೇಲೆ ಕೆಲವೇ ಮಿಲಿಗ್ರಾಂ ಕರಗುತ್ತದೆ. ಉಳಿದದ್ದೆಲ್ಲ ಹರಳಾಗಿ ನಾಳಗಳ ಕೊನೆಯ ಭಾಗದಲ್ಲಿ ಕೂತುಬಿಡುತ್ತದೆ. ದಾರಿ ಬಂದ್.

ಇದನ್ನು ತೋರಿಸಿಕೊಟ್ಟದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಬಿರ್ಗಿಟ್ ಪುಷ್ನರ್ ತಂಡ, 2007ರಲ್ಲಿ. ಬರೀ ಮೆಲಮೈನ್ ತಿಂದ ಬೆಕ್ಕಿನ ಕಿಡ್ನಿಗೆ ಏನೂ ಆಗಲಿಲ್ಲ. ಬರೀ ಸಯನ್ಯೂರಿಕ್ ಆಮ್ಲ ತಿಂದದ್ದಕ್ಕೂ ಆಗಲಿಲ್ಲ. ಆಹಾರದಲ್ಲಿ ಎರಡನ್ನೂ ಶೇ. 0.2ರಷ್ಟು ಸೇರಿಸಿದಾಗಲೇ 48 ಗಂಟೆಯೊಳಗೆ ಕಿಡ್ನಿ ನಿಂತಿತು. ಆ ಬೆಕ್ಕುಗಳನ್ನು ನೆನೆದರೆ ಸಂಕಟವಾಗುತ್ತದೆ. ಅವುಗಳಿಂದಲೇ ನಮಗೆ ಈ ಉತ್ತರ ಸಿಕ್ಕಿತು ಅನ್ನುವುದನ್ನು ಮರೆಯಬಾರದು.

ತಪ್ಪು ದಾರಿ ಹೇಗೆ ಹಿಡಿಯುತ್ತೇವೆ

2007ರ ಮಾರ್ಚ್ 16ರಂದು ಕೆನಡಾದ ಮೆನು ಫುಡ್ಸ್ ಕಂಪನಿ 6 ಕೋಟಿಗೂ ಹೆಚ್ಚು ಡಬ್ಬಿ, ಪೌಚ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಿತು. ಉತ್ತರ ಅಮೆರಿಕದಲ್ಲಿ ಬೆಕ್ಕು, ನಾಯಿಗಳು ಕಿಡ್ನಿ ಕೆಟ್ಟು ಸಾಯುತ್ತಿದ್ದವು. ಮಾರ್ಚ್ 23ಕ್ಕೆ ನ್ಯೂಯಾರ್ಕ್ ರಾಜ್ಯದ ಲ್ಯಾಬ್‌ನಿಂದ ಒಂದು ಹೆಸರು ಬಂತು: ಅಮಿನೊಪ್ಟೆರಿನ್ ಅನ್ನುವ ವಿಷ. ಎಲ್ಲರೂ ಅದರ ಹಿಂದೆ ಓಡಿದರು. ಒಂದೇ ವಾರದಲ್ಲಿ, ಮಾರ್ಚ್ 30ಕ್ಕೆ, ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೆಲಮೈನ್ ಹೆಸರು ಹೇಳಿತು. ಚೀನಾದಿಂದ ತರಿಸಿದ, ಗೋಧಿ ಗ್ಲುಟೆನ್ (ಗೋಧಿಯ ಪ್ರೋಟೀನ್) ಅಂತ ಹೆಸರು ಹಚ್ಚಿದ್ದ ಪುಡಿಯಲ್ಲಿ ಅದು ಸಿಕ್ಕಿತ್ತು. ಆಗಲೂ ಪ್ರಶ್ನೆ ಮುಗಿಯಲಿಲ್ಲ. ಮೆಲಮೈನ್ ಇಷ್ಟು ವಿಷವಲ್ಲವಲ್ಲ, ಮತ್ತೆ ಪ್ರಾಣಿಗಳು ಯಾಕೆ ಸತ್ತವು? ಅದರ ಜೊತೆಗಾರ ಸಿಕ್ಕ ಮೇಲೆಯೇ ಲೆಕ್ಕ ಹೊಂದಿದ್ದು.

ಇದಕ್ಕೂ ಮೊದಲು, 2004ರಲ್ಲಿ, ಏಷ್ಯಾದಲ್ಲಿ ಇದೇ ಥರ ನಾಯಿಗಳ ಕಿಡ್ನಿ ಕೆಟ್ಟಿತ್ತು. ಆಗ ಬೂಷ್ಟಿನ ವಿಷ ಅಂತ ಫೈಲು ಮುಚ್ಚಿದ್ದರು. 2007ರಲ್ಲಿ ಆ ಹಳೆಯ ಕಿಡ್ನಿ ತುಣುಕುಗಳನ್ನು ಮತ್ತೆ ತೆಗೆದು ನೋಡಿದಾಗ ಅವುಗಳಲ್ಲೂ ಅದೇ ಹರಳು, ಅದೇ ಜೋಡಿ. 2004ರಲ್ಲೇ ಸರಿಯಾಗಿ ನೋಡಿದ್ದರೆ ಎಷ್ಟು ಪ್ರಾಣಿ ಉಳಿಯುತ್ತಿದ್ದವೋ.

ಮೆಲಮೈನ್ ಆಹಾರಕ್ಕೆ ಬಂದದ್ದಾದರೂ ಹೇಗೆ? ಪ್ರೋಟೀನ್ ಅಳೆಯುವ ಹಳೆಯ ಕೆಲ್ಡಾಲ್ ವಿಧಾನ ಪ್ರೋಟೀನನ್ನು ನೋಡುವುದೇ ಇಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತದೆ. ಮೆಲಮೈನ್ ತೂಕದ ಮೂರನೇ ಎರಡು ಭಾಗ ಸಾರಜನಕ. 100 ಗ್ರಾಂ ಮೆಲಮೈನ್ ಸೇರಿಸಿದರೆ ಯಂತ್ರಕ್ಕೆ 400 ಗ್ರಾಂಗೂ ಹೆಚ್ಚು ಪ್ರೋಟೀನ್ ಕಂಡ ಹಾಗಾಗುತ್ತದೆ. ಶುದ್ಧ ಮಾಡದ ಕೀಳು ಮೆಲಮೈನ್‌ನಲ್ಲಿ ಸಯನ್ಯೂರಿಕ್ ಆಮ್ಲ, ಇವೆರಡಕ್ಕೂ ಹತ್ತಿರದ ರಾಸಾಯನಿಕಗಳಾದ ಅಮ್ಮೆಲಿನ್, ಅಮ್ಮೆಲೈಡ್ ಹೇಗೂ ಬೆರೆತಿರುತ್ತವೆ. ಮೋಸ ಮಾಡಿದವರಿಗೆ ಬೇಕಾಗಿದ್ದದ್ದು ಸುಳ್ಳು ಪ್ರೋಟೀನ್. ಸಾವು ಆ ಕಸದ ಜೊತೆ ಬಂತು.

ಲ್ಯಾಬಿಗೆ ಏನು ಕೇಳಬೇಕು

ಸುಮ್ನೆ 'ವಿಷ ಇದೆಯಾ ನೋಡಿ' ಅಂತ ಬರೆದು ಕಳಿಸಿದರೆ ಪ್ರಯೋಜನ ಇಲ್ಲ. ಲ್ಯಾಬ್ ತನಗೆ ಕೇಳಿದ್ದನ್ನು ಮಾತ್ರ ಹುಡುಕುತ್ತದೆ. ಚೀಟಿಯಲ್ಲಿ ನಾಲ್ಕೂ ಹೆಸರು ಬರೆಯಿಸಿ: ಮೆಲಮೈನ್, ಸಯನ್ಯೂರಿಕ್ ಆಮ್ಲ, ಅಮ್ಮೆಲಿನ್, ಅಮ್ಮೆಲೈಡ್. ಬರೀ ಮೆಲಮೈನ್ ತೋರಿಸುವ ಕಿಟ್‌ಗಳಿವೆ. ಅವು ಜಲ್ಲಡಿ ಹಿಡಿಯಲು ಸರಿ, ಕೊನೆಯ ಮಾತಿಗೆ ಸಾಲವು. ಮಾಸ್ ಸ್ಪೆಕ್ಟ್ರೋಮೆಟ್ರಿ ಜೊತೆಗಿನ ಕ್ರೊಮ್ಯಾಟೋಗ್ರಫಿ (ರಾಸಾಯನಿಕಗಳನ್ನು ಬೇರೆ ಮಾಡಿ ಒಂದೊಂದನ್ನೇ ಗುರುತಿಸುವ ಪರೀಕ್ಷೆ) ಬೇಕು ಅಂತ ಸ್ಪಷ್ಟವಾಗಿ ಕೇಳಿ. ಆಹಾರ, ಮೂತ್ರ, ಸತ್ತ ಪ್ರಾಣಿಯಿದ್ದರೆ ಕಿಡ್ನಿ, ಮೂರನ್ನೂ ಕಳಿಸಿ. ರಕ್ತದ ಮೇಲೆ ಜಾಸ್ತಿ ಭರವಸೆ ಬೇಡ. ಮೆಲಮೈನ್ ರಕ್ತದಿಂದ ಗಂಟೆಗಳ ಲೆಕ್ಕದಲ್ಲಿ ಹೊರಟುಹೋಗುತ್ತದೆ.

ಕಿಡ್ನಿ ತುಣುಕಿನ ವಿಷಯದಲ್ಲಿ ದಯವಿಟ್ಟು ಇದನ್ನು ಗಮನಿಸಿ. ಎಲ್ಲ ಕಡೆ ಅಭ್ಯಾಸ ಇರುವುದು ಫಾರ್ಮಲಿನ್‌ನಲ್ಲಿ ಹಾಕಿಡುವುದು. ಈ ಹರಳುಗಳು ಫಾರ್ಮಲಿನ್‌ನಲ್ಲಿ ವಾರಗಳು ಕಳೆದಂತೆ ಕರಗಿಹೋಗುತ್ತವೆ. ಸಾಕ್ಷಿ ಬಾಟಲಿಯೊಳಗೇ ಮಾಯ. ಒಂದು ತುಣುಕನ್ನು ಫಾರ್ಮಲಿನ್‌ಗೆ ಹಾಕಿದರೆ ಇನ್ನೊಂದನ್ನು ಶುದ್ಧ ಆಲ್ಕೋಹಾಲ್‌ನಲ್ಲಿಡಿ, ಮೂರನೆಯದನ್ನು ಫ್ರೀಜ್ ಮಾಡಿ. ಹಸಿ ಕಿಡ್ನಿಯ ಕತ್ತರಿಸಿದ ಮೈಯನ್ನು ಗಾಜಿಗೆ ಒತ್ತಿ ತಕ್ಷಣ ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಹರಳು ಕಾಣುತ್ತದೆ. ಕ್ಯಾಲ್ಸಿಯಂ ಗುರುತಿಸುವ ಬಣ್ಣಗಳು ಇದಕ್ಕೆ ಹಿಡಿಯುವುದಿಲ್ಲ, ಆಕ್ಸಲೇಟ್‌ನಿಂದ ಬೇರೆ ಮಾಡಲು ಅದೇ ಸುಲಭದ ಗುರುತು.

ಫಲಿತಾಂಶದಲ್ಲಿ ಸ್ವಲ್ಪ ಮೆಲಮೈನ್ ಬಂದ ಕೂಡಲೇ ಅದೇ ಕಾರಣ ಅನ್ನಬೇಡಿ. ಸೈರೋಮಜಿನ್ ಅನ್ನುವ ಕೀಟನಾಶಕ ಒಡೆದರೂ ಮೆಲಮೈನ್ ಆಗುತ್ತದೆ, ಪ್ಯಾಕಿಂಗ್‌ನಿಂದಲೂ ಚೂರು ಇಳಿಯಬಹುದು. ಇಂಥ ತಪ್ಪಿಸಲಾಗದ ಸಣ್ಣ ಪ್ರಮಾಣಕ್ಕೆಂದೇ 2010ರಲ್ಲಿ ವಿಶ್ವಸಂಸ್ಥೆಯ ಆಹಾರ ಗುಣಮಟ್ಟದ ಸಂಸ್ಥೆಯಾದ ಕೋಡೆಕ್ಸ್ ಆಯೋಗ ಪ್ರಾಣಿ ಆಹಾರಕ್ಕೆ ಕಿಲೋಗೆ 2.5 ಮಿಲಿಗ್ರಾಂ ಮಿತಿ ಹಾಕಿತು. ನಿಮ್ಮ ವರದಿಯ ಅಂಕಿ ಇದರ ಹತ್ತಿರ ಇದೆಯಾ, ನೂರಾರು ಪಟ್ಟು ಮೇಲಿದೆಯಾ, ಜೊತೆಗೆ ಸಯನ್ಯೂರಿಕ್ ಆಮ್ಲವೂ ಇದೆಯಾ, ಇವನ್ನು ಒಟ್ಟಿಗೇ ಓದಬೇಕು.

ಚಿಕಿತ್ಸೆ, ಉಳಿದ ಪ್ರಾಣಿಗಳು

ಇದಕ್ಕೆ ಪ್ರತಿವಿಷ ಇಲ್ಲ. ಡ್ರಿಪ್ ಕೊಟ್ಟು ಮೂತ್ರ ಹರಿಯುವಂತೆ ನೋಡಿಕೊಳ್ಳುವುದು, ವಾಂತಿ ತಡೆಯುವುದು, ಪೊಟ್ಯಾಸಿಯಂ ಮೇಲೆ ಕಣ್ಣಿಡುವುದು, ಇಷ್ಟೇ. ಎಷ್ಟು ಡ್ರಿಪ್ ಹೋಯಿತು, ಎಷ್ಟು ಮೂತ್ರ ಬಂತು ಅಂತ ಅಳೆಯುತ್ತಲೇ ಇರಬೇಕು. ಮೂತ್ರ ನಿಂತ ಪ್ರಾಣಿಗೆ ನೀರು ತುಂಬುತ್ತಾ ಹೋದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮನೆಯಲ್ಲಿ ಬಾಯಿಗೆ ನೀರು ಸುರಿದು ಸರಿಮಾಡಲು ಹೋಗಬೇಡಿ. ಬೇಗ ಹಿಡಿದರೆ ಚೇತರಿಸಿಕೊಳ್ಳುವ ಪ್ರಾಣಿಗಳಿವೆ. ಕೆಲವಕ್ಕೆ ಕಿಡ್ನಿ ಪೂರ್ತಿ ವಾಪಸ್ ಬರುವುದಿಲ್ಲ, ಮೇಲಿಂದ ಮೇಲೆ ರಕ್ತ ಪರೀಕ್ಷೆ ಮಾಡಿಸುತ್ತಾ ಹೋಗಬೇಕು.

ಅದೇ ಚೀಲದಿಂದ ತಿಂದ ಉಳಿದ ಪ್ರಾಣಿಗಳನ್ನೂ ಅದೇ ದಿನ ಕರೆದುಕೊಂಡು ಹೋಗಿ, ಲಕ್ಷಣ ಬರುವವರೆಗೆ ಕಾಯಬೇಡಿ. ಅನುಮಾನ ಬಂದ ಆಹಾರವನ್ನು ಕೋಳಿಗೋ ಹಂದಿಗೋ ಮೀನಿಗೋ ಹಾಕುವ ಯೋಚನೆಯಂತೂ ಬೇಡವೇ ಬೇಡ. 2007ರಲ್ಲಿ ಅಮೆರಿಕದಲ್ಲಿ ಹಾಗೇ ಆಯಿತು. ಸಾಕುಪ್ರಾಣಿ ಆಹಾರದ ಉಳಿಕೆ ಹಂದಿ, ಕೋಳಿಗಳ ಮೇವಿಗೆ ಹೋಗಿ, ಅವುಗಳನ್ನೂ ತಡೆಹಿಡಿಯಬೇಕಾಯಿತು.

ಬ್ಯಾಚ್ ನಂಬರಿನ ಸಮೇತ ಆಹಾರ ಸುರಕ್ಷತೆ ನೋಡಿಕೊಳ್ಳುವ ಇಲಾಖೆಗೂ ತಯಾರಕರಿಗೂ ಬರವಣಿಗೆಯಲ್ಲಿ ತಿಳಿಸಿ, ಡಾಕ್ಟರ್ ವರದಿ ಲಗತ್ತಿಸಿ. ತಯಾರಕರು ಮಾದರಿ ಕೇಳಿದರೆ ಅರ್ಧ ಕೊಡಿ. ಉಳಿದರ್ಧ, ಆ ತೆರೆಯದ ಡಬ್ಬಿಯೂ ಸೇರಿ, ಕೊನೆಯ ವರದಿ ಕೈಗೆ ಬರುವವರೆಗೆ ನಿಮ್ಮ ಫ್ರೀಜರಿನಲ್ಲೇ ಇರಲಿ, ಮೇಲೆ 'ತೆಗೆಯಬೇಡಿ' ಅಂತ ಚೀಟಿ ಅಂಟಿಸಿ.